ಬೆನ್ನಿನ ನೀರಿನಲ್ಲಿ ‘ಬ್ಯಾಂಡ್’ ಬಂದರೆ ಎಂಎಸ್ ಗ್ಯಾರಂಟಿಯಾ?

ನಿಮ್ಮ ತಂಗಿಯ ಬೆನ್ನಿನ ನೀರಿನ (ಮಿದುಳು-ಬೆನ್ನುಹುರಿಯ ಸುತ್ತ ಇರುವ ದ್ರವ) ರಿಪೋರ್ಟಿನಲ್ಲಿ ‘ಆಲಿಗೋಕ್ಲೋನಲ್ ಬ್ಯಾಂಡ್ ಪಾಸಿಟಿವ್’ ಅಂತ ಬಂದಿದೆ, ಮಲ್ಟಿಪಲ್ ಸ್ಕ್ಲೆರೋಸಿಸ್ಸೇ (ಎಂಎಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು-ಬೆನ್ನುಹುರಿಗೆ ಹಾನಿ ಮಾಡುವ ಕಾಯಿಲೆ) ಅಂದುಕೊಳ್ಳಬೇಕಾ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ಮಂಡ್ಯದವಳು, ಅದೇ ಕಾಯಿಲೆಯವಳು.

ಮೊದಲು ರಿಪೋರ್ಟಿನಲ್ಲಿ ‘ಸೀರಮ್’ (ರಕ್ತದ ದ್ರವಭಾಗ) ಅಂತ ಇನ್ನೊಂದು ಸಾಲು ಇದೆಯಾ ನೋಡಿ. ಅದಿಲ್ಲದಿದ್ದರೆ ಪಾಸಿಟಿವ್ ಅನ್ನುವುದಕ್ಕೆ ಅರ್ಥವೇ ಇಲ್ಲ. ಬ್ಯಾಂಡ್ ಅಂದರೆ ಐಜಿಜಿ ಅನ್ನುವ ಪ್ರೋಟೀನು ಜೆಲ್ ಮೇಲೆ ಮೂಡಿಸುವ ಗೆರೆಗಳು. ಗದ್ದೆಯಲ್ಲಿ ನೀರು ನಿಂತಿದ್ದರೆ ನಾಲೆಯಿಂದ ಬಂದಿದ್ದೋ, ಗದ್ದೆಯೊಳಗೇ ಒರತೆ ಎದ್ದಿದ್ದೋ ಅಂತ ನೋಡುತ್ತೀವಲ್ಲ, ಹಾಗೇ ಇದೂ. ಅದೇ ಗೆರೆಗಳು ರಕ್ತದಲ್ಲೂ ಇದ್ದರೆ ನಾಲೆ ನೀರು. ಬೆನ್ನಿನ ನೀರಿನಲ್ಲಿ ಮಾತ್ರ ಎರಡೋ ಜಾಸ್ತಿಯೋ ಗೆರೆ ಇದ್ದರೆ ಒರತೆ ಮಿದುಳು-ಬೆನ್ನುಹುರಿಯ ಒಳಗೇ ಇದೆ.

ನನ್ನ ಸಲ ರಕ್ತ ಕಳಿಸುವುದನ್ನೇ ಮರೆತಿದ್ದರು. ಮೂರನೇ ದಿನ ಫೋನ್ ಬಂತು. ಒಂದು ಟ್ಯೂಬ್ ರಕ್ತ ಕೊಡಲು ಮತ್ತೆ ಮೈಸೂರಿಗೆ ಬಸ್ಸು. ನೀರು ತೆಗೆಸಿದ ಮೇಲಿನ ತಲೆನೋವು ಮಲಗಿದರೆ ಕಮ್ಮಿ, ಕೂತರೆ ಸಿಡಿತ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮುಂದಿನ ಸೀಟಿಗೆ ಹಣೆ ಒತ್ತಿ ಕೂತಿದ್ದೆ. ಈಗಲೂ ಸಿಟ್ಟು ಬರುತ್ತದೆ.

ಸರಿ, ಒರತೆ ಒಳಗಿನದೇ ಅಂತಾಯಿತು. ಆದರೂ ಅದೊಂದರಿಂದಲೇ ಎಂಎಸ್ ಅನ್ನಲಾಗದು. ಟಿಬಿ ಮೆನಿಂಜೈಟಿಸ್, ಮಿದುಳಿಗೆ ಹೋದ ಸಿಫಿಲಿಸ್, ದಡಾರದ ನಂತರ ವರ್ಷಗಟ್ಟಲೆ ಬಿಟ್ಟು ಬರುವ ಮಿದುಳಿನ ಕಾಯಿಲೆ ಎಸ್‌ಎಸ್‌ಪಿಇ, ಇವುಗಳಲ್ಲೂ ಗೆರೆ ಬರುತ್ತವೆ. ಗೆರೆಯೇ ಇಲ್ಲದ ಎಂಎಸ್ ರೋಗಿಗಳೂ ಇದ್ದಾರೆ. ಲಕ್ಷಣ ಮತ್ತು ಎಂಆರ್‌ಐ ಜೊತೆ ಕೂಡಿದಾಗ ಮಾತ್ರ ಇದಕ್ಕೆ ತೂಕ. ಎಂಎಸ್ ಗುರುತಿಸಲು ಡಾಕ್ಟರುಗಳು ಬಳಸುವ 2017ರ ಮೆಕ್‌ಡೊನಾಲ್ಡ್ ನಿಯಮದ ಪ್ರಕಾರ, ಒಂದೇ ಸಲ ಅಟ್ಯಾಕ್ (ಲಕ್ಷಣಗಳ ದಾಳಿ) ಆಗಿ, ನರಮಂಡಲದ ಬೇರೆಬೇರೆ ಜಾಗದಲ್ಲಿ ಕಲೆಗಳಿದ್ದರೆ (ಹಾನಿಯಾದ ಗುರುತು), ಎರಡನೇ ಅಟ್ಯಾಕಿಗೆ ಕಾಯದೆ ಈ ಗೆರೆಗಳ ಬಲದ ಮೇಲೆ ಎಂಎಸ್ ಎನ್ನಬಹುದು. ನನಗೆ ಆದದ್ದು ಅದೇ. 2024ರ ಪರಿಷ್ಕರಣೆಯಲ್ಲಿ ಕಪ್ಪಾ ಫ್ರೀ ಲೈಟ್ ಚೈನ್ ಅನ್ನುವ ಇನ್ನೊಂದು ಪ್ರೋಟೀನನ್ನೂ ಸೇರಿಸಿದ್ದಾರೆ.

ಎನ್‌ಎಂಒ (ಕಣ್ಣಿನ ನರ, ಬೆನ್ನುಹುರಿಗೆ ತಗುಲುವ ಬೇರೊಂದು ಕಾಯಿಲೆ) ಇಲ್ಲ ಅಂತ ನೋಡಿದ್ದಾರಾ, ಕೇಳಿ. ಅದಕ್ಕೆ ಅಕ್ವಾಪೋರಿನ್-4 ಅನ್ನುವ ರಕ್ತ ಪರೀಕ್ಷೆ ಇದೆ. ನೋಡಲು ಎಂಎಸ್ ಥರವೇ, ಆದರೆ ಎಂಎಸ್‌ನ ಕೆಲವು ಔಷಧಿ ಅದನ್ನು ಹೆಚ್ಚಿಸುತ್ತವೆ.

‘ಇನ್ನೊಂದು ಸಲ ನೀರು ತೆಗೆಸಿ, ಗೆರೆ ಕಮ್ಮಿಯಾಗಿದೆಯಾ ನೋಡಬಾರದಾ’ ಅಂತ ನಮ್ಮತ್ತೆ ಕೇಳುತ್ತಲೇ ಇರುತ್ತಾರೆ. ನಿಮ್ಮ ಮನೆಯಲ್ಲೂ ಕೇಳಿಯಾರು. ಔಷಧಿಯಿಂದ ಆರಾಮಾದರೂ ಗೆರೆಗಳು ಸಾಮಾನ್ಯವಾಗಿ ಉಳಿದೇ ಇರುತ್ತವೆ. ಅದನ್ನು ನೋಡಲಿಕ್ಕೆ ಸುಮ್ನೆ ಮತ್ತೊಮ್ಮೆ ಸೂಜಿ ಚುಚ್ಚಿಸಬೇಡಿ.