ರೇಖಾಂಶದ ಸಮಯ ಮತ್ತು ಮರುಭೂಮಿ: ಬಾಯಿಪಾಠ ಬೇಡ

ಪರೀಕ್ಷೆ ಹತ್ತಿರ ಬಂತು, ರೇಖಾಂಶದ ಸಮಯದ ಲೆಕ್ಕ ಉಲ್ಟಾ ಆಗುತ್ತೆ, ಮರುಭೂಮಿಗಳ ಹೆಸರೂ ನೆನಪಲ್ಲಿ ನಿಲ್ಲಲ್ಲ ಅಂತ ಕೇಳಿದ್ದೀರಿ, ಅಲ್ವಾ? ಗಾಬರಿ ಬೇಡ, ಎರಡೂ ಸರಿ ಮಾಡಿಕೊಳ್ಳಬಹುದು.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ, ಹಾಗಾಗಿ ಪೂರ್ವದಲ್ಲಿರುವವರಿಗೆ ಸೂರ್ಯ ಮೊದಲು ಕಾಣುತ್ತಾನೆ, ಅವರ ಗಡಿಯಾರ ಮುಂದಿರುತ್ತದೆ. ಲೆಕ್ಕಕ್ಕೆ ಮೊದಲು ಒಂದು ಅಡ್ಡಗೆರೆ ಎಳೆದು ನಡುವೆ ಸೊನ್ನೆ (ಇಂಗ್ಲೆಂಡಿನ ಗ್ರೀನಿಚ್ ಮೂಲಕ ಹೋಗುವ 0 ಡಿಗ್ರಿ ರೇಖಾಂಶ), ಬಲಕ್ಕೆ ಪೂರ್ವ, ಎಡಕ್ಕೆ ಪಶ್ಚಿಮ ಅಂತ ಬರೆದುಕೊಳ್ಳಿ. ಬಲಕ್ಕೆ ಹೋದರೆ ಕೂಡಿಸಿ, ಎಡಕ್ಕೆ ಹೋದರೆ ಕಳೆಯಿರಿ. ಗ್ರೀನಿಚ್‌ನಲ್ಲಿ ಮಧ್ಯಾಹ್ನ 12 ಆದಾಗ 90 ಡಿಗ್ರಿ ಪೂರ್ವದಲ್ಲಿ ಸಂಜೆ 6, 75 ಡಿಗ್ರಿ ಪಶ್ಚಿಮದಲ್ಲಿ ಬೆಳಿಗ್ಗೆ 7. ಉತ್ತರದ ಜೊತೆ ಆ ಗೆರೆಯನ್ನೂ ಬರೆಯಿರಿ, ತಪ್ಪಾಗಿದ್ದರೆ ನಿಮ್ಮ ಕಣ್ಣಿಗೇ ಬೀಳುತ್ತದೆ.

ಮರುಭೂಮಿಗಳನ್ನು ಸುಮ್ನೆ ಪಟ್ಟಿ ಮಾಡಿ ಉರು ಹೊಡೆಯಬೇಡಿ, ಕಾರಣದ ಜೊತೆ ಓದಿ. ದಕ್ಷಿಣ ಅಮೆರಿಕದ ಅಟಕಾಮಾ, ಆಫ್ರಿಕಾದ ನಮೀಬ್ ಎರಡೂ ತಮ್ಮ ಖಂಡದ ಪಶ್ಚಿಮ ತೀರದಲ್ಲಿವೆ. ಅಟಕಾಮಾ ಪಕ್ಕದ ಸಮುದ್ರದಲ್ಲಿ ಪೆರು ಶೀತ ಪ್ರವಾಹ (ತಣ್ಣೀರಿನ ಹರಿವು), ನಮೀಬ್ ಪಕ್ಕ ಬೆಂಗ್ವೆಲಾ ಶೀತ ಪ್ರವಾಹ. ತಣ್ಣೀರಿನ ಮೇಲೆ ತಂಪಾದ ಗಾಳಿ ಮೇಲೇರುವುದಿಲ್ಲ, ಅದಕ್ಕೇ ಅಲ್ಲಿ ಮಂಜು ಜಾಸ್ತಿ, ಮಳೆ ತೀರಾ ಕಡಿಮೆ. ಇದು ಅರ್ಥವಾದರೆ 'ಕಾರಣ ಕೊಡಿ' ಪ್ರಶ್ನೆಗೂ ಉತ್ತರ ಸಿಕ್ಕಿದ ಹಾಗೆ. ದಿನಾ ಪುಸ್ತಕ ಮುಚ್ಚಿಟ್ಟು ಖಾಲಿ ನಕ್ಷೆಯಲ್ಲಿ ಇವನ್ನೆಲ್ಲ ಗುರುತಿಸಿ ನೋಡಿ.