ಎಕ್ಸೆಲ್ ಶೀಟಿನಲ್ಲಿ ಅತಿ ದೊಡ್ಡ, ಅತಿ ಚಿಕ್ಕ ಅಂಕಿಗಳನ್ನು ಬಿಟ್ಟು ಸರಾಸರಿ ತೆಗೆಯುವ ಫಾರ್ಮುಲಾವನ್ನು ಇನ್ನೂ ಸರಳವಾಗಿ ಬರೆಯುವುದು ಹೇಗೆ?

ಷರತ್ತು ನೋಡುವ ಇಫ್ ಒಳಗೆ ಇನ್ನೊಂದು ಇಫ್, ಅದರೊಳಗೆ ಮ್ಯಾಕ್ಸ್ ಮತ್ತು ಮಿನ್, ಎಲ್ಲಕ್ಕೂ ಹೊರಗೆ ಎವರೇಜ್. ನಿಮ್ಮ ಫಾರ್ಮುಲಾ ನೋಡಿದೊಡನೆ ಗುರುತು ಸಿಕ್ಕಿತು, ನಾನೂ ಹಿಂದೆ ಬರೆಯುತ್ತಿದ್ದುದು ಇದನ್ನೇ. ಬಿ2ರಿಂದ ಬಿ13ರವರೆಗೆ ಕೆಲಸಕ್ಕೆ ಹಿಡಿದ ಸಮಯದ 12 ಅಂಕಿಗಳಿವೆ, ಮೇಲಿನದೊಂದು ಕೆಳಗಿನದೊಂದು ಬಿಟ್ಟು ಉಳಿದವುಗಳ ಸರಾಸರಿ ಬೇಕು. ನಿಮಗೆ ಬೇಕಾದದ್ದು ಇಷ್ಟೇ ಆದರೆ ಇಫ್ ಒಂದೂ ಬೇಡ:

=(ಸಮ್(ಬಿ2:ಬಿ13)-ಮ್ಯಾಕ್ಸ್(ಬಿ2:ಬಿ13)-ಮಿನ್(ಬಿ2:ಬಿ13))/(ಕೌಂಟ್(ಬಿ2:ಬಿ13)-2)

(ಇಲ್ಲಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಶೀಟಿನಲ್ಲಿ ಫಂಕ್ಷನ್ ಹೆಸರು, ಕಾಲಂ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಒಟ್ಟು ಮೊತ್ತದಿಂದ ದೊಡ್ಡದನ್ನೂ ಚಿಕ್ಕದನ್ನೂ ಕಳೆದು, ಎಣಿಕೆಯಿಂದ 2 ಕಳೆದು ಭಾಗಿಸಿದರೆ ಮುಗಿಯಿತು. ಆರು ತಿಂಗಳ ನಂತರ ಬೇರೆಯವರು ಈ ಶೀಟ್ ತೆರೆದರೂ ಏನು ನಡೆಯುತ್ತಿದೆ ಎಂದು ಒಂದೇ ಓದಿಗೆ ತಿಳಿಯುತ್ತದೆ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್ ಮೂರರಲ್ಲೂ, ಎಷ್ಟೇ ಹಳೆಯ ಆವೃತ್ತಿಯಲ್ಲೂ ಓಡುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕೆಲಸಕ್ಕೆ ತಗಲಿದ ನಿಮಿಷಗಳು: 42, 44, 45, 41, 43, 47, 44, 46, 40, 45, 43, 310. ಕೊನೆಯದು ಎಲ್ಲೋ ಕೈತಪ್ಪಿ ಬಂದದ್ದು. ಒಟ್ಟು 790, ಬರೀ ಸರಾಸರಿ 65.83. ಈ 12ರಲ್ಲಿ 11 ಅಂಕಿಗಳು 47 ಅಥವಾ ಅದಕ್ಕಿಂತ ಕಡಿಮೆ ಇರುವಾಗ 65.83 ಯಾರನ್ನೂ ಪ್ರತಿನಿಧಿಸುವುದಿಲ್ಲ. ಮೇಲಿನ ಫಾರ್ಮುಲಾ 310, 40 ಎರಡನ್ನೂ ತೆಗೆದು 440ನ್ನು 10ರಿಂದ ಭಾಗಿಸಿ 44 ಕೊಡುತ್ತದೆ.

ಇನ್ನು ನಿಮಗೆ ಬರುವ ಉತ್ತರಗಳಲ್ಲಿ ಹೆಚ್ಚಿನವು "ಟ್ರಿಮ್‌ಮೀನ್ ಹಾಕಿ, ಒಂದೇ ಫಂಕ್ಷನ್" ಎನ್ನುತ್ತವೆ. ಪಟ್ಟಿಯ ಎರಡೂ ತುದಿಯಿಂದ ಒಂದಷ್ಟು ಪಾಲು ಬಿಟ್ಟು ಸರಾಸರಿ ಕೊಡುವ ಈ ಫಂಕ್ಷನ್ ಒಳ್ಳೆಯದೇ. ಆದರೆ ಅದರ ಎರಡನೇ ಅಂಕಿಯನ್ನು ತಪ್ಪಾಗಿ ಓದಿಕೊಂಡರೆ ಪೆಟ್ಟು ಬೀಳುತ್ತದೆ, ಆ ಪೆಟ್ಟು ಶೀಟಿನಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಾಗಿ ಈ ಒಂದು ತಪ್ಪನ್ನು ಬೇಕೆಂದೇ ಎಳೆದು ಬಿಡಿಸಿ ಹೇಳುತ್ತೇನೆ.

=ಟ್ರಿಮ್‌ಮೀನ್(ಬಿ2:ಬಿ13,0.1) ಎಂದು ಬರೆದವರು ಸಾಮಾನ್ಯವಾಗಿ ಅಂದುಕೊಳ್ಳುವುದು: ಮೇಲಿಂದ ಶೇ. 10, ಕೆಳಗಿಂದ ಶೇ. 10 ಹೋಯಿತು. ಹಾಗಲ್ಲ. ಆ 0.1 ಎರಡೂ ಕಡೆ ಸೇರಿ ಬಿಡಬೇಕಾದ ಒಟ್ಟು ಪಾಲು. ಅಂದರೆ ಪ್ರತಿ ತುದಿಯಿಂದ ಶೇ. 5 ಮಾತ್ರ. ಪ್ರತಿ ತುದಿಯಿಂದ ಶೇ. 10 ಬೇಕಿದ್ದರೆ 0.2 ಕೊಡಬೇಕು. ಇದು ತಪ್ಪಿನ ಅರ್ಧ ಭಾಗ. ಉಳಿದರ್ಧ ಇನ್ನೂ ಕೆಟ್ಟದ್ದು. ಎರಡೂ ಕಡೆ ಸಮನಾಗಿ ಬಿಡಬೇಕಾದ್ದರಿಂದ, ಬಿಡುವ ಅಂಕಿಗಳ ಸಂಖ್ಯೆಯನ್ನು ಎಕ್ಸೆಲ್ ಕೆಳಗಿನ ಸಮಸಂಖ್ಯೆಗೆ ಇಳಿಸುತ್ತದೆ. 30 ಅಂಕಿಗಳಿಗೆ 0.1 ಕೊಟ್ಟರೆ 3 ಬರುತ್ತದೆ, ಅದು 2ಕ್ಕೆ ಇಳಿದು ಪ್ರತಿ ಕಡೆಯಿಂದ ಒಂದೊಂದು (ಕಡೆಗೊಂದು) ಹೋಗುತ್ತದೆ. ನಿಮ್ಮ 12 ಅಂಕಿಗಳಿಗೆ 0.1 ಕೊಟ್ಟರೆ 1.2 ಬರುತ್ತದೆ. ಅದರ ಕೆಳಗಿನ ಸಮಸಂಖ್ಯೆ ಸೊನ್ನೆ. ಒಂದೂ ಅಂಕಿ ಬಿಡುವುದಿಲ್ಲ. ಉತ್ತರ ಅದೇ 65.83.

ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸೆಲ್ಲಿನಲ್ಲಿ ಟ್ರಿಮ್‌ಮೀನ್ ಎಂದು ಬರೆದಿದೆ, ಕಾಲಂ ತಲೆಬರಹದಲ್ಲಿ "ತುದಿ ಬಿಟ್ಟ ಸರಾಸರಿ" ಎಂದಿದೆ, ಒಳಗೆ ಇರುವುದು ಮಾಮೂಲಿ ಸರಾಸರಿ. 0.1 ಎಂದು ಕೊಟ್ಟಿರುವವರೆಗೆ 19 ಅಂಕಿಗಳ ತನಕ ಇದೇ ಕಥೆ. 20ನೇ ಸಾಲು ಸೇರಿದ ಕ್ಷಣ ಇದ್ದಕ್ಕಿದ್ದಂತೆ ಎರಡು ಅಂಕಿಗಳು ಹೊರಬಿದ್ದು ಸರಾಸರಿ ಜಿಗಿಯುತ್ತದೆ. ಆಗ ನೋಡುವವರು ಆ 20ನೇ ಅಂಕಿಯಲ್ಲೇ ಏನೋ ಐಬಿದೆ ಎಂದು ಹುಡುಕುತ್ತಾ ಕೂರುತ್ತಾರೆ. 39ರಿಂದ 40ಕ್ಕೆ ಹೋಗುವಾಗಲೂ ಹೀಗೇ, ಕಡೆಗೊಂದು ಇದ್ದದ್ದು ಕಡೆಗೆರಡು ಆಗುತ್ತದೆ. ತಿಂಗಳಿಂದ ತಿಂಗಳಿಗೆ ಸಾಲುಗಳ ಸಂಖ್ಯೆ ಬದಲಾಗುವ ಶೀಟಿನಲ್ಲಿ ಈ ಸರಾಸರಿಗಳನ್ನು ಒಂದಕ್ಕೊಂದು ಹೋಲಿಸಿದರೆ, ಬೇರೆ ಬೇರೆ ನಿಯಮದಿಂದ ಬಂದ ಅಂಕಿಗಳನ್ನು ಹೋಲಿಸಿದಂತಾಯಿತು.

ಆದ್ದರಿಂದ ಟ್ರಿಮ್‌ಮೀನ್ ಬೇಕೇ ಬೇಕು ಎಂದಾದರೆ, ಶೇಕಡಾ ಯೋಚನೆ ಬಿಟ್ಟು ಎಷ್ಟು ಅಂಕಿ ಬಿಡಬೇಕು ಎಂದು ಹೇಳಿ:

=ಟ್ರಿಮ್‌ಮೀನ್(ಬಿ2:ಬಿ13,2.5/ಕೌಂಟ್(ಬಿ2:ಬಿ13))

ಕಡೆಗೊಂದು ಬಿಡಲು 2 ಸಾಕಲ್ಲ, 2.5 ಏಕೆ? ಕಂಪ್ಯೂಟರ್ ದಶಾಂಶಗಳನ್ನು ಬೈನರಿಯಲ್ಲಿ ಇಡುವುದರಿಂದ 2ನ್ನು 49ರಿಂದ ಭಾಗಿಸಿ ಮತ್ತೆ 49ರಿಂದ ಗುಣಿಸಿದರೆ 2ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಅದನ್ನು ಕೆಳಕ್ಕೆ ಇಳಿಸಿದರೆ ಸೊನ್ನೆಯಾಗುವ ಅಪಾಯವಿದೆ. 2.5 ಕೊಟ್ಟರೆ ಇಳಿದ ಮೇಲೂ 2 ನಿಲ್ಲುತ್ತದೆ. ಕಡೆಗೆರಡು ಬೇಕಾದರೆ 4.5, ಕಡೆಗೆ ಮೂರು ಬೇಕಾದರೆ 6.5. ಕಡೆಗೆರಡಕ್ಕೆ ಸಮ್, ಲಾರ್ಜ್, ಸ್ಮಾಲ್ ಸೇರಿಸಿ ಬರೆಯುವುದೂ ಉಂಟು, ಆದರೆ ಅಷ್ಟು ಹೊತ್ತಿಗೆ ಅದು ಉದ್ದವಾಗಿರುತ್ತದೆ. ಅಲ್ಲಿ ಟ್ರಿಮ್‌ಮೀನ್ ಗೆಲ್ಲುತ್ತದೆ.

ಸಮ್ ಫಾರ್ಮುಲಾದಲ್ಲೂ ಒಂದು ಜಾಗ ಕಾಯಬೇಕು. ಎರಡೇ ಅಂಕಿಗಳಿದ್ದರೆ ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತದೆ, ಅದು ಸರಿಯೇ. ಒಂದೇ ಅಂಕಿ ಇದ್ದರೆ? ಅದರಿಂದ ಅದನ್ನೇ ಎರಡು ಸಲ ಕಳೆದು ಮೈನಸ್ 1ರಿಂದ ಭಾಗಿಸಿದಂತಾಗಿ, ಅದೇ ಅಂಕಿ ಉತ್ತರವಾಗಿ ವಾಪಸ್ ಬರುತ್ತದೆ. ಕಾಲಂ ಪೂರ್ತಿ ಖಾಲಿ ಇದ್ದರೆ ಸೊನ್ನೆ ಬರುತ್ತದೆ. ಎರಡೂ ಅಸಲಿ ಸರಾಸರಿಯಂತೆಯೇ ಕಾಣುತ್ತವೆ. ಹೊರಗೊಂದು ಕಾವಲು ಹಾಕಿ: =ಇಫ್(ಕೌಂಟ್(ಬಿ2:ಬಿ13)<3,"",…). ಚುಕ್ಕಿಗಳಿರುವಲ್ಲಿ ಮೇಲಿನ ಸಮ್ ಫಾರ್ಮುಲಾ ಬರಬೇಕು. ಈ ಲೆಕ್ಕದಲ್ಲಿ ನಾನು ಒಪ್ಪುವ ಇಫ್ ಇದೊಂದೇ.

ಈಗ ನಿಮ್ಮ ಹಳೆಯ ಫಾರ್ಮುಲಾಗೆ ಬರುತ್ತೇನೆ, ಯಾಕೆಂದರೆ ಅದು ಉದ್ದವಾಗಿದೆ ಎನ್ನುವುದು ಅದರ ದೊಡ್ಡ ದೋಷವೇ ಅಲ್ಲ. "ಮ್ಯಾಕ್ಸ್‌ಗೆ ಸಮವಾದರೆ ಬಿಡು, ಮಿನ್‌ಗೆ ಸಮವಾದರೆ ಬಿಡು" ಎಂದಾಗ, ಮ್ಯಾಕ್ಸ್‌ಗೆ ಸಮವಾದ ಅಂಕಿಗಳು ಎಷ್ಟಿದ್ದರೂ ಎಲ್ಲವೂ ಹೋಗುತ್ತವೆ. 9, 9, 9, 8, 6 ಎಂಬ ಐದು ಅಂಕಗಳನ್ನು ತೆಗೆದುಕೊಳ್ಳಿ. ಒಂದು 9, ಒಂದು 6 ಬಿಟ್ಟರೆ ಉಳಿಯುವುದು 9, 9, 8, ಸರಾಸರಿ 8.67. ನಿಮ್ಮ ಫಾರ್ಮುಲಾ ಮೂರೂ 9ಗಳನ್ನು ಓಡಿಸಿ 8 ಎನ್ನುತ್ತದೆ. ಐವರಲ್ಲಿ ಮೂವರು ಒಪ್ಪಿಕೊಟ್ಟ ಅಂಕವನ್ನೇ ಅತಿರೇಕ ಎಂದು ತಳ್ಳಿದಂತಾಯಿತು. ಐದೂ ಒಂದೇ ಆಗಿದ್ದರೆ ಏನೂ ಉಳಿಯದೆ ಎರರ್ ಬರುತ್ತದೆ. ಷರತ್ತಿಗೆ ಹೊಂದುವ ಅಂಕಿಗಳ ಸರಾಸರಿ ತೆಗೆಯುವ ಎವರೇಜ್‌ಇಫ್ಸ್‌ನಲ್ಲಿ "<"&ಮ್ಯಾಕ್ಸ್(…), ">"&ಮಿನ್(…) ಎಂದು ಚಿಕ್ಕದಾಗಿಸಿ ಬರೆದರೂ ಇದೇ ರೋಗ. ಅಲ್ಲಿ ಜೊತೆಗೆ ಇನ್ನೊಂದು ಸೇರುತ್ತದೆ: & ಚಿಹ್ನೆ ಸಂಖ್ಯೆಯನ್ನು 15 ಅಂಕಿಗಳ ಪಠ್ಯವಾಗಿ ಬದಲಿಸುವುದರಿಂದ, ಭಾಗಾಕಾರದಿಂದ ಬಂದ ಉದ್ದ ದಶಾಂಶಗಳಲ್ಲಿ ಗಡಿ ಜಾರಬಹುದು. ಅಂಥ ಕಾಲಂ ಇದ್ದರೆ ಮೊದಲೇ ರೌಂಡ್ ಮಾಡಿಕೊಳ್ಳಿ.

ಆದರೆ ನಿಮ್ಮ ಪ್ರಶ್ನೆಯ ಬುಡದಲ್ಲೇ ನನಗೆ ತಕರಾರಿದೆ. ಕಡೆಗೊಂದು ಬಿಡುವ ನಿಯಮ ಅಂಕ ಕೊಡುವ ಸ್ಪರ್ಧೆಗಳಿಗೆ ಸರಿ, ಅಲ್ಲಿ ಎರಡು ತುದಿಯೂ ಪಕ್ಷಪಾತದಿಂದ ಬಂದಿರಬಹುದು. ನಿಮ್ಮದು ಅಳತೆಯ ಕಾಲಂ. 310 ಕೆಟ್ಟದ್ದು, ಸರಿ. 40 ಏನು ಮಾಡಿತು? 41ರ ಪಕ್ಕದಲ್ಲಿ ಸುಮ್ಮನೆ ಕೂತಿದೆ. ನಾಳೆ ಎರಡು ಕೆಟ್ಟ ಅಂಕಿಗಳು ಬಂದರೆ ಒಂದು ಒಳಗೇ ಉಳಿಯುತ್ತದೆ. ಒಂದೂ ಕೆಟ್ಟದ್ದಿಲ್ಲದ ದಿನ ಎರಡು ಒಳ್ಳೆಯ ಅಂಕಿಗಳು ಹೋಗುತ್ತವೆ. ನಿಮಗೆ ಬೇಕಿರುವುದು ದೂರವನ್ನು ನೋಡಿ ಬಿಡುವ ನಿಯಮ. ಅದಕ್ಕೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟುಕಿ ಹೇಳಿದ ಬೇಲಿ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ: ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕಾಲು ಭಾಗದ ಗಡಿ, ಮುಕ್ಕಾಲು ಭಾಗದ ಗಡಿ ಕಂಡುಹಿಡಿದು, ಅವುಗಳ ನಡುವಿನ ಅಂತರದ ಒಂದೂವರೆ ಪಟ್ಟು ಆಚೆ ಇರುವುದನ್ನು ಬಿಡುವುದು.

ಇದನ್ನು ಒಂದೇ ಸೆಲ್ಲಿಗೆ ತುರುಕಬೇಡಿ. ಐದು ಸೆಲ್ ಬಳಸಿ.

ಡಿ2: =ಕ್ವಾರ್ಟೈಲ್.ಇಂಕ್(ಬಿ2:ಬಿ13,1)
ಡಿ3: =ಕ್ವಾರ್ಟೈಲ್.ಇಂಕ್(ಬಿ2:ಬಿ13,3)
ಡಿ4: =ಡಿ2-1.5*(ಡಿ3-ಡಿ2)
ಡಿ5: =ಡಿ3+1.5*(ಡಿ3-ಡಿ2)
ಡಿ6: =ಎವರೇಜ್‌ಇಫ್ಸ್(ಬಿ2:ಬಿ13,ಬಿ2:ಬಿ13,">="&ಡಿ4,ಬಿ2:ಬಿ13,"<="&ಡಿ5)

ನಮ್ಮ ಅಂಕಿಗಳಿಗೆ ಡಿ2 42.75, ಡಿ3 45.25, ಅಂತರ 2.5. ಬೇಲಿ 39ರಿಂದ 49. 310 ಮಾತ್ರ ಹೊರಗೆ, 40 ಒಳಗೇ. ಸರಾಸರಿ 43.64. ಪ್ರತಿ ಸೆಲ್ಲಿನ ಪಕ್ಕದಲ್ಲಿ ಅದೇನೆಂದು ಒಂದು ಪದ ಬರೆದಿಡಿ, ಅಷ್ಟು ಸಾಕು. ಹೊಸ ಎಕ್ಸೆಲ್‌ನಲ್ಲಿ ಫಾರ್ಮುಲಾದ ತುಣುಕುಗಳಿಗೆ ಹೆಸರಿಡುವ ಲೆಟ್ ಬಳಸಿ ಒಂದೇ ಸೆಲ್ಲಿನಲ್ಲಿ ಬರೆಯಬಹುದು. ಆಗ ಒಳಗಿನ ಹೆಸರನ್ನು ಕ್ಯೂ1, ಕ್ಯೂ3 ಎಂದು ಇಡಬೇಡಿ. ಅವು ಸೆಲ್ ವಿಳಾಸಗಳೂ ಆಗಿರುವುದರಿಂದ ಎಕ್ಸೆಲ್ ಒಪ್ಪುವುದಿಲ್ಲ. ಇನ್ನೊಂದು ಗಮನಿಸಿ: ಅರ್ಧಕ್ಕಿಂತ ಹೆಚ್ಚು ಅಂಕಿಗಳು ಒಂದೇ ಆಗಿದ್ದು ಎರಡು ಗಡಿಗಳೂ ಸಮವಾಗಿಬಿಟ್ಟರೆ ಅಂತರ ಸೊನ್ನೆಯಾಗುತ್ತದೆ, ಬೇಲಿ ಕುಸಿದು ಬೇರೆ ಎಲ್ಲಾ ಅಂಕಿಗಳೂ ಹೊರಬೀಳುತ್ತವೆ. ಅಂಥ ಕಾಲಂಗೆ ಈ ವಿಧಾನ ಬೇಡ.

"ಸ್ಟ್ಯಾಂಡರ್ಡ್ ಡೀವಿಯೇಷನ್‌ನ 3 ಪಟ್ಟು ಆಚೆ ಇರುವುದನ್ನು ಬಿಡಿ" ಎಂದು ಯಾರಾದರೂ ಹೇಳಿದರೆ, ಚಿಕ್ಕ ಪಟ್ಟಿಗೆ ಅದನ್ನು ಖಂಡಿತ ಹಾಕಬೇಡಿ. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವುದು ಈ ಡೀವಿಯೇಷನ್. ಕೆಟ್ಟ ಅಂಕಿಯೇ ಡೀವಿಯೇಷನ್ನನ್ನೂ ಹಿಗ್ಗಿಸಿ ತಾನು ಅದರೊಳಗೆ ಅಡಗಿಕೊಳ್ಳುತ್ತದೆ. ಒಂಬತ್ತು 10ಗಳು, ಒಂದು 1000 ಇರುವ ಪಟ್ಟಿ ಮಾಡಿ ನೋಡಿ: ಸರಾಸರಿ 109, ಡೀವಿಯೇಷನ್ ಸುಮಾರು 313, ಮೇಲಿನ ಗಡಿ 1048. ಆ 1000 ಒಳಗೇ ಇರುತ್ತದೆ. ಒಂದು ಸಾವಿರದ ಬದಲು ಒಂದು ಕೋಟಿ ಹಾಕಿದರೂ ಅಷ್ಟೇ. ಡೀವಿಯೇಷನ್ ತೆಗೆಯಲು ಎಸ್‌ಟಿಡಿಇವಿ.ಎಸ್ ಬಳಸಿದರೆ 10 ಅಂಕಿಗಳಲ್ಲಿ ಯಾವುದೂ ಸರಾಸರಿಯಿಂದ ಡೀವಿಯೇಷನ್ನಿನ 2.85 ಪಟ್ಟಿಗಿಂತ ದೂರ ಹೋಗಲು ಗಣಿತವೇ ಬಿಡುವುದಿಲ್ಲ.

ಬೇಲಿ ಕಟ್ಟುವಷ್ಟೂ ವ್ಯವಧಾನವಿಲ್ಲ ಎಂದರೆ =ಮೀಡಿಯನ್(ಬಿ2:ಬಿ13). ಅದು ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ಇಲ್ಲಿ 44. ಯಾವುದನ್ನೂ ಬಿಡುವ ಪ್ರಶ್ನೆಯೇ ಬರುವುದಿಲ್ಲ. "ಸಾಮಾನ್ಯವಾಗಿ ಎಷ್ಟು ಹೊತ್ತು ಹಿಡಿಯುತ್ತದೆ" ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ನನ್ನ ಮೊದಲ ಆಯ್ಕೆ ಇದೇ. ಆದರೆ ಸರಾಸರಿಯನ್ನು ಮುಂದೆ ಎಣಿಕೆಯಿಂದ ಗುಣಿಸಿ ಒಟ್ಟು ಅಂದಾಜು ಮಾಡಬೇಕಿದ್ದರೆ ಮೀಡಿಯನ್ ಕೈಕೊಡುತ್ತದೆ.

ಎ ಕಾಲಂನಲ್ಲಿ ವಿಭಾಗದ ಹೆಸರಿದ್ದು ಒಂದೊಂದಕ್ಕೂ ಬೇರೆ ಸರಾಸರಿ ಬೇಕಾದರೆ, ಬೇಕಾದ ವಿಭಾಗದ ಹೆಸರನ್ನು ಎಫ್1ರಲ್ಲಿ ಬರೆದು:

=ಟ್ರಿಮ್‌ಮೀನ್(ಫಿಲ್ಟರ್(ಬಿ2:ಬಿ200,(ಎ2:ಎ200=ಎಫ್1)*(ಬಿ2:ಬಿ200<>"")),0.2)

ಆ ಎರಡನೇ ಷರತ್ತು ಬಿಡಬೇಡಿ, ಇಲ್ಲದಿದ್ದರೆ ಖಾಲಿ ಸೆಲ್ ಸೊನ್ನೆಯಾಗಿ ಒಳಗೆ ಬರಬಹುದು. 0.2 ಇರುವುದರಿಂದ 10ಕ್ಕಿಂತ ಕಡಿಮೆ ಸಾಲಿರುವ ವಿಭಾಗದಲ್ಲಿ ಏನೂ ಕತ್ತರಿಸುವುದಿಲ್ಲ ಎಂಬುದು ಈಗ ನಿಮಗೇ ಹೊಳೆದಿರುತ್ತದೆ. ಫಿಲ್ಟರ್ ಇಲ್ಲದ ಹಳೆಯ ಎಕ್ಸೆಲ್‌ನಲ್ಲಿ ಅದೇ ಜಾಗಕ್ಕೆ ಇಫ್ ಹಾಕಿ ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಬೇಕು.

ಇಷ್ಟೆಲ್ಲಾ ಸರಿಯಿದ್ದೂ ಉತ್ತರ ತಪ್ಪಿದರೆ ಫಾರ್ಮುಲಾ ಬಿಟ್ಟು ಕಾಲಂ ನೋಡಿ. ಬೇರೆ ಕಡೆಯಿಂದ ಪೇಸ್ಟ್ ಮಾಡಿದ ಅಂಕಿಗಳು ಪಠ್ಯವಾಗಿ ಕೂತಿದ್ದರೆ ಸಮ್, ಕೌಂಟ್, ಟ್ರಿಮ್‌ಮೀನ್ ಎಲ್ಲವೂ ಅವುಗಳನ್ನು ಸದ್ದಿಲ್ಲದೆ ದಾಟಿಹೋಗುತ್ತವೆ. ಕೌಂಟಎ ಮಾತ್ರ ಪಠ್ಯವನ್ನೂ ಎಣಿಸುತ್ತದೆ, ಹಾಗಾಗಿ =ಕೌಂಟಎ(ಬಿ2:ಬಿ13)-ಕೌಂಟ್(ಬಿ2:ಬಿ13) ಸೊನ್ನೆ ಬರಬೇಕು, ಬರದಿದ್ದರೆ ಅಷ್ಟು ಸೆಲ್‌ಗಳು ಲೆಕ್ಕಕ್ಕೆ ಸೇರಿಲ್ಲ. ಅಳತೆ ಸಿಗದ ಕಡೆ 0 ತುಂಬುವ ಅಭ್ಯಾಸವಿದ್ದರೆ ಅದನ್ನು ಇಂದೇ ನಿಲ್ಲಿಸಿ. ಆ ಸೊನ್ನೆಯೇ ಮಿನ್ ಆಗಿ ಹೊರಹೋಗುತ್ತದೆ, ನಿಜವಾದ ಚಿಕ್ಕ ಅಂಕಿ ಒಳಗೇ ಉಳಿಯುತ್ತದೆ. ಸೊನ್ನೆ ಎರಡಿದ್ದರೆ ಒಂದು ಸರಾಸರಿಯನ್ನು ಎಳೆದು ಕೆಳಗೆ ಹಾಕುತ್ತದೆ. ಸೆಲ್ ಖಾಲಿ ಬಿಡಿ.

ಕೊನೆಗೆ ಡಿ7ರಲ್ಲಿ ಇದನ್ನು ಹಾಕಿ: =ಕೌಂಟ್(ಬಿ2:ಬಿ13)-ಕೌಂಟ್‌ಇಫ್ಸ್(ಬಿ2:ಬಿ13,">="&ಡಿ4,ಬಿ2:ಬಿ13,"<="&ಡಿ5). ಎಷ್ಟು ಅಂಕಿ ಬಿಟ್ಟಿದ್ದೀರಿ ಎಂಬುದು ಸರಾಸರಿಯ ಪಕ್ಕದಲ್ಲೇ ಕಾಣುತ್ತಿರಲಿ. ಅದು 1 ಇದ್ದದ್ದು ಒಂದು ತಿಂಗಳು 4 ಆದರೆ, ಸರಾಸರಿಯನ್ನು ಯಾರಿಗೂ ಕಳಿಸುವ ಮುಂಚೆ ಆ ನಾಲ್ಕು ಸಾಲುಗಳನ್ನು ತೆರೆದು ನೋಡಿ.