ಟ್ಯಾಪೆಟ್ ಸದ್ದು ನಿಂತರೆ ಸಂತೋಷಪಡಬೇಡಿ

ಪ್ರಶ್ನೆ: ತಂದೆಯವರು ಬಳಸುತ್ತಿದ್ದ ಹೀರೋ ಹೋಂಡಾ ಸಿಡಿ 100 ಬೈಕನ್ನು ಈಗ ನಾನು ಓಡಿಸುತ್ತಿದ್ದೇನೆ. ಎಂಜಿನ್ನಿನಿಂದ ಟಿಕ್ ಟಿಕ್ ಸದ್ದು ಬರುತ್ತದೆಂದು ಮೆಕ್ಯಾನಿಕ್ ಟ್ಯಾಪೆಟ್ ಬಿಗಿ ಮಾಡಿದರು. ಸದ್ದೇನೋ ಹೋಯಿತು, ಆದರೆ ಈಗ ಐಡ್ಲಿಂಗ್‌ನಲ್ಲಿ ಗಾಡಿ ಆಫ್ ಆಗುತ್ತದೆ, ಕಿಕ್ಕರ್ ಕಾಲಿಗೆ ಹಗುರವೆನಿಸುತ್ತದೆ. ಟ್ಯಾಪೆಟ್ ಅನ್ನು ನಾನೇ ಸೆಟ್ ಮಾಡಬಹುದೇ?

ಉತ್ತರ: ಮಾಡಬಹುದು. ನಿಮ್ಮ ಮೆಕ್ಯಾನಿಕ್ ಮಾಡಿದ್ದಕ್ಕಿಂತ ಚೆನ್ನಾಗಿಯೇ ಮಾಡುತ್ತೀರಿ. ವಾಲ್ವನ್ನು ಒತ್ತಿ ತೆರೆಯುವ ತೋಳಾದ ರಾಕರ್‌ಗೂ ವಾಲ್ವಿನ ತುದಿಗೂ ನಡುವೆ ಬಿಟ್ಟಿರುವ ಕೂದಲೆಳೆಯಷ್ಟು ಸಂದಿನಿಂದಲೇ ಆ ಟಿಕ್ ಟಿಕ್ ಹುಟ್ಟುತ್ತದೆ. ಟ್ಯಾಪೆಟ್ ಸೆಟ್ ಮಾಡುವುದೆಂದರೆ ಈ ಸಂದನ್ನು ಸರಿಪಡಿಸುವುದು. ಸಂದು ಇಲ್ಲವಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಸೋರುತ್ತದೆ. ಕಿಕ್ಕರ್ ಹಗುರವಾಗಿರುವುದು ಅದಕ್ಕೇ. ಹೊಗೆ ಹೊರಬಿಡುವ ಎಗ್ಝಾಸ್ಟ್ ವಾಲ್ವ್ ತನ್ನ ಶಾಖದ ಬಹುಪಾಲನ್ನು ಸೀಟಿಗೆ, ಅಂದರೆ ಹೆಡ್ಡಿನಲ್ಲಿ ತಾನು ಕೂರುವ ಉಂಗುರಕ್ಕೆ, ಒತ್ತಿ ಕುಳಿತಾಗ ಬಿಟ್ಟುಕೊಡುತ್ತದೆ. ಕೂರಲು ಬಿಡದಿದ್ದರೆ ಅದರ ಅಂಚು ಸುಡುತ್ತದೆ, ಆಮೇಲೆ ಹೆಡ್ ಬಿಚ್ಚದೆ ಗತಿಯಿಲ್ಲ. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ: ಹಳೆಯ ಗಾಡಿಯಲ್ಲಿ ವಾಲ್ವ್ ಸವೆದು ಸೀಟಿನೊಳಕ್ಕೆ ಇಳಿದಂತೆ ಅದರ ತುದಿ ರಾಕರ್ ಕಡೆಗೆ ಸರಿದು ಸಂದು ತಾನಾಗಿಯೇ ಕಿರಿದಾಗುತ್ತದೆ. ಯಾರೂ ಮುಟ್ಟದಿದ್ದರೂ ಸದ್ದು ಕಡಿಮೆಯಾಗುತ್ತಿದ್ದರೆ ಅನುಮಾನಪಡಬೇಕು.

ರಾತ್ರಿಯಿಡೀ ನಿಲ್ಲಿಸಿದ ಎಂಜಿನ್ನಿನಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಈ ಕೆಲಸ ಮಾಡಿ. ಪ್ಲಗ್ ಬಿಚ್ಚಿಡಿ, ಅದನ್ನು ಬಿಚ್ಚುವುದು ಹೇಗೆಂದು ಕೇಳುವವರು ಇದಕ್ಕೆ ಕೈಹಾಕುವುದು ಬೇಡ. ಎರಡೂ ಟ್ಯಾಪೆಟ್ ಕ್ಯಾಪ್ ತೆಗೆದು, ಎಡಬದಿಯಿಂದ ಮ್ಯಾಗ್ನೆಟ್ಟನ್ನು (ಎಂಜಿನ್ನಿನ ಜೊತೆ ತಿರುಗುವ ಗಾಲಿ) ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುತ್ತ, ಪಿಸ್ಟನ್ ತುದಿಗೇರಿದ್ದನ್ನು ತೋರಿಸುವ ಟಿ ಗುರುತನ್ನು ಕವರಿನ ಗೆರೆಗೆ ತನ್ನಿ. ಪಕ್ಕದ ಎಫ್ ಗುರುತು ಇಗ್ನಿಷನ್ನಿನದು, ಅದನ್ನು ನೋಡಿ ಮೋಸಹೋಗಬೇಡಿ. ಕಲಿಯುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಟಿ ಗುರುತು ಒಂದು ಸುತ್ತಿಗೆ ಒಮ್ಮೆ ಬರುತ್ತದೆ, ನಮಗೆ ಬೇಕಾದ, ಎರಡೂ ವಾಲ್ವ್ ಮುಚ್ಚಿ ರಾಕರ್ ಸಡಿಲವಾಗಿರುವ ಕಂಪ್ರೆಷನ್ ಸ್ಟ್ರೋಕ್ ಎರಡು ಸುತ್ತಿಗೆ ಒಮ್ಮೆ. ಆದ್ದರಿಂದ ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಪರೀಕ್ಷಿಸಿ. ನಿಮ್ಮ ಗಾಡಿಯಲ್ಲಿ ಈಗಾಗಲೇ ಅತಿಯಾಗಿ ಬಿಗಿದಿರುವುದರಿಂದ ಎರಡು ಸಲವೂ ಬಿಗಿಯಾಗಿಯೇ ತೋರಬಹುದು. ಆಗ ಇನ್‌ಟೇಕ್ ವಾಲ್ವ್ ಒತ್ತಿ ಮೇಲೆದ್ದ ನಂತರ ಬರುವ ಟಿ ಗುರುತನ್ನೇ ಹಿಡಿಯಿರಿ.

ಸಿಡಿ 100ಕ್ಕೆ ಎರಡೂ ವಾಲ್ವಿಗೆ 0.05 ಮಿ.ಮೀ. ಸಂದು ಇಡಬೇಕು. ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟಾದ ಫಿಲ್ಲರ್ ಗೇಜಿನಲ್ಲಿ ಅಷ್ಟು ದಪ್ಪದ ಎಲೆ ರಾಕರ್ ಅಡಿಯಲ್ಲಿ ತುಸು ಎಳೆದಂತಾಗುತ್ತ ಜಾರಬೇಕು, ಸಿಕ್ಕಿಕೊಳ್ಳಬಾರದು. ಲಾಕ್ ನಟ್ ಬಿಗಿಯುವಾಗ ಟ್ಯಾಪೆಟ್ ಸ್ಕ್ರೂ ಜೊತೆಗೇ ತಿರುಗುತ್ತದೆ, ಅದನ್ನು ಕೀಲಿಯಿಂದ ಹಿಡಿದುಕೊಂಡೇ ಬಿಗಿಯಿರಿ, ಬಿಗಿದ ಮೇಲೆ ಮತ್ತೆ ಅಳೆಯಿರಿ. ನಾನು ಮೊದಲ ಸಲ ಮಾಡಿದಾಗ ಇದೇ ತಪ್ಪಿನಿಂದ ಮೂರು ಬಾರಿ ಕ್ಯಾಪ್ ಬಿಚ್ಚಿದ್ದೆ. ಕಡೆಗೆ ಎಂಜಿನ್ನನ್ನು ಎರಡು ಸುತ್ತು ಕೈಯಿಂದ ತಿರುಗಿಸಿ ಇನ್ನೊಮ್ಮೆ ನೋಡಿ. ಅನುಮಾನವಿದ್ದರೆ ತುಸು ಸಡಿಲವಾಗಿಯೇ ಬಿಡಿ. ಸರಿಯಾಗಿ ಸೆಟ್ ಮಾಡಿಯೂ ಕಿಕ್ಕರ್ ಹಗುರವಾಗಿಯೇ ಇದ್ದರೆ ವಾಲ್ವ್ ಸುಟ್ಟಿರುವ ಸಾಧ್ಯತೆಯಿದೆ, ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಫಿಲ್ಲರ್ ಗೇಜ್ ಬದಲು ಹ್ಯಾಕ್ಸಾ ಬ್ಲೇಡ್ ಸಾಕಲ್ಲವೇ?

ಉತ್ತರ: ಆ ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ., ಅಂದರೆ ಹನ್ನೆರಡು ಪಟ್ಟು. ಇದನ್ನು ಹೇಳಿಕೊಟ್ಟವರ ಗ್ಯಾರೇಜಿಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ದಪ್ಪ ಆಯಿಲ್ ಹಾಕಿದರೆ ಟ್ಯಾಪೆಟ್ ಸದ್ದು ನಿಲ್ಲುತ್ತದೆಯೇ?

ಉತ್ತರ: ಸದ್ದು ಮುಚ್ಚಿಹೋದರೂ ಸಂದು ಇದ್ದಷ್ಟೇ ಇರುತ್ತದೆ.

ಪ್ರಶ್ನೆ: ಕಬ್ಬಿಣದ ಸಿಲಿಂಡರ್ ಬ್ಯಾರೆಲ್ಲಿನ ಹಳೆಯ ಬುಲೆಟ್ ಬೈಕಿಗೆ ಎಷ್ಟು ಗೇಜ್?

ಉತ್ತರ: ಗೇಜ್ ಬೇಡ. ತಣ್ಣಗಿನ ಎಂಜಿನ್ನಿನಲ್ಲಿ, ರಾಕರನ್ನು ಕೆಳಗಿನಿಂದ ತಳ್ಳುವ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಪ್ರಶ್ನೆ: ನನ್ನ ಯೆಜ್ಡಿಯ ಟ್ಯಾಪೆಟ್ ಎಷ್ಟು ಕಿಲೋಮೀಟರಿಗೊಮ್ಮೆ ಸೆಟ್ ಮಾಡಿಸಬೇಕು?

ಉತ್ತರ: ಮೈಸೂರಿನಲ್ಲಿ ತಯಾರಾದ ಆ ಹಳೆಯ ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಅದರಲ್ಲಿ ಟ್ಯಾಪೆಟ್ಟೇ ಇಲ್ಲ. ಇದುವರೆಗೆ ಯಾರಿಗಾದರೂ ಅದಕ್ಕೆಂದು ಹಣ ಕೊಟ್ಟಿದ್ದರೆ ವಾಪಸ್ ಕೇಳಿ.